ಅಪ್ಪನ ಜೀಪಿಂಗೆ ಡೀಸೆಲ್ ಇಂಜಿನ್ ಬಂದ ಕತೆ

ಕಳುದ ಆಯಿತ್ಯವಾರ ಅಪ್ಪನ ಮನೆಗೆ ಹೋಗಿತ್ತಿದ್ದೆ. ಜಾಲಿಂಗೆ ಎತ್ತುವಗಳೇ ಆಶ್ಚರ್ಯ ಆತು. ಅಡಕ್ಕೆ ಹರಗುವ ಜಾಲಿಲಿ ಸಾಲಿಂಗೆ ಆರು ಜೀಪು! ಆರರದ್ದುದೆ ಬೋನೆಟ್ಟು ನೆಗ್ಗಿ ಮಡಗಿದ್ದವು. ಶಾಲೆಗೆ ಹಲ್ಲಿನ ಡಾಕ್ಟ್ರು ಬಂದಿಪ್ಪಗ ಮಕ್ಕೊ ಬಾಯಿ ಬಿಟ್ಟುಗೊಂಡು ನಿಂಬ ಹಾಂಗೆ ಕಂಡತ್ತು ಎನಗೆ. ಅಣ್ಣನ ಮಗನೂ ಅವನ ಚೆಂಙಾಯಿಗಳೂ ಒಂದರಿಂದ ಒಂದಕ್ಕೆ ಬಗ್ಗಿ ನೋಡುದು, ಪಟ ತೆಗವದು, "ಈ ಗೇರ್‌ಬಾಕ್ಸ್ ಎಲ್ಲಿ ಸಿಕ್ಕಿತ್ತು?" "ಟಯರಿಂಗೆ ಎಷ್ಟು ಕೊಟ್ಟೆ?" ಹೇಳಿ ಕೇಳುದು. ಒಬ್ಬನ ಜೀಪಿಂಗೆ ಮಿಲಿಟರಿ ಪಚ್ಚೆ ಬಣ್ಣ. ಇನ್ನೊಬ್ಬನದ್ದಕ್ಕೆ ಎನ್ನ ಸೊಂಟದಷ್ಟು ಎತ್ತರದ ಚಕ್ರ. ಮತ್ತೊಬ್ಬ ಪವರ್ ಸ್ಟೇರಿಂಗ್ ಹಾಕುಸಿದ್ದನಡ, ಒಂದೇ ಬೆರಳಿಲಿ ತಿರುಗುಸಿ ತೋರುಸಿಗೊಂಡಿತ್ತಿದ್ದ. ನಾವು ಹೆಮ್ಮಕ್ಕೊ ಜೆಂಬ್ರಕ್ಕೆ ಹೋದಲ್ಲಿ ಸೀರೆಯ ಕರೆ ಮುಟ್ಟಿ ನೋಡ್ತಿಲ್ಲೆಯಾ, ಹಾಂಗೇ.

ಅತ್ತಿಗೆಯೂ ಆನೂ ಅವಲಕ್ಕಿ ಕಲಸಿ, ಬಾಳೆಹಣ್ಣು, ಚಾಯ ಮಾಡಿ ಹೆರ ಕೊಂಡೋದೆಯೊ. ಮಾತಿಲಿ 'ಕಸ್ಟಮ್, ಕಸ್ಟಮ್' ಹೇಳಿ ನಾಕೈದು ಸರ್ತಿ ಕೇಳಿತ್ತು. "ಹಾಂಗೆ ಹೇಳಿರೆ ಎಂತ ಮಾಣಿ?" ಕೇಳಿದೆ. "ಕಂಪೆನಿ ಕೊಟ್ಟ ಹಾಂಗೆ ಮಡುಗದ್ದೆ, ನವಗೆ ಬೇಕಾದ ಹಾಂಗೆ ಮಾಡುಸುದು ಅತ್ತೇ" ಹೇಳಿದ ಅಣ್ಣನ ಮಗ. ಅದು ನವಗೆ ಗೊಂತಿಲ್ಲದ್ದದಾ! ಅಂಗಡಿಂದ ತಂದ ರವಕೆಯ ಹಾಂಗೇ ಹಾಕುವವು ನಮ್ಮಲ್ಲಿ ಆರಿದ್ದವು? ಕಂಕುಳಿಲಿ ಬಿಡುಸಿ, ಸೊಂಟಲ್ಲಿ ಹಿಡುದು, ಕೈ ಕಮ್ಮಿ ಮಾಡಿಯೇ ಹಾಕುದು.

ಅಷ್ಟಪ್ಪಗ ಅವ ಹೇಳಿದ, "ಆದರೆ ನಮ್ಮ ಜೀಪಿನ ಆನು ಒರಿಜಿನಲ್ ಮಾಡುಸುತ್ತೆ ಅತ್ತೆ. ಈ ಡೀಸೆಲ್ ಇಂಜಿನ್ ತೆಗದು ಮದಲಾಣ ಪೆಟ್ರೋಲ್ ಇಂಜಿನ್ ಕೂರುಸುದು. ಕೊಯಮುತ್ತೂರಿಲಿ ಒಂದು ಇದ್ದಡ. ಆರೋ ಈ ಗುಜರಿ ಇಂಜಿನ್ ಹಾಕಿ ಜೀಪಿನ ಮರ್ಯಾದೆ ತೆಗದ್ದವು."

ಅತ್ತಿಗೆ ಚಾಯದ ತಟ್ಟೆ ಹಿಡ್ಕೊಂಡು ರಜ ಹೊತ್ತು ಹಾಂಗೇ ನಿಂದತ್ತು. ಮತ್ತೆ ಎಂತದೂ ಹೇಳದ್ದೆ ಒಳ ಹೋತು. ಎಂತಕೆ ಹೇಳಿ ಎನಗೆ ಗೊಂತಿತ್ತು. ಮಾಣಿಗೆ ಗೊಂತಿತ್ತಿಲ್ಲೆ. ಅವಂಗೆ ಆರೂ ಹೇಳಿತ್ತಿದ್ದವಿಲ್ಲೆ. ಆ ಕತೆಯ ಇಲ್ಲಿ ಬರೆತ್ತೆ. ಅತ್ತಿಗೆಯ ಕೇಳಿಯೇ ಬರವದು.

ನಮ್ಮ ಜೀಪಿನ ಕತೆ ಹೇಳೆಕ್ಕಾದರೆ ಮದಾಲು ಜೀಪು ಹೇಳ್ತದು ಹುಟ್ಟಿದ್ದು ಹೇಂಗೆ ಹೇಳಿ ನೋಡುವೊ. ಮಾಣಿ ಹೇಳುವ 'ಒರಿಜಿನಲ್' ಎಂತರ ಹೇಳಿಯೂ ಅಂಬಗ ಗೊಂತಕ್ಕು.

1940ನೇ ಇಸವಿ. ಯುರೋಪಿಲಿ ಎರಡ್ನೇ ಮಹಾಯುದ್ಧ ಸುರುವಾಗಿ ಒಂದು ವರ್ಷ ಆಗಿಗೊಂಡು ಬಂದಿತ್ತು. ಅಮೇರಿಕದ ಸೈನ್ಯಕ್ಕೆ ಒಂದು ಸಣ್ಣ, ಹಗೂರದ ಗಾಡಿ ಬೇಕಾತು. ಕೆಸರಿಲಿಯೂ ಗುಡ್ಡೆಲಿಯೂ ಹೋಯೆಕ್ಕು, ನಾಲ್ಕು ಚಕ್ರವೂ ಎಳೆಯೆಕ್ಕು. 135 ಕಂಪೆನಿಗೊಕ್ಕೆ ಕಾಗದ ಬರದವು. ಮಾದರಿ ಗಾಡಿ ಮಾಡಿ ತಪ್ಪಲೆ ಕೊಟ್ಟದು 49 ದಿನ! ನಮ್ಮಲ್ಲಿ ಒಂದು ಕೊಟ್ಟಗೆಯ ಮಾಡು ಹೊದೆಶುಲೂ ಅಷ್ಟು ದಿನ ಸಾಕಾವುತ್ತಿಲ್ಲೆ. ಬ್ಯಾಂಟಮ್ ಹೇಳುವ ಸಣ್ಣ ಕಂಪೆನಿ ಒಪ್ಪಿತ್ತು. ಕಾರ್ಲ್ ಪ್ರಾಬ್‌ಸ್ಟ್ ಹೇಳುವ ಇಂಜಿನಿಯರು ಕೆಲವೇ ದಿನಲ್ಲಿ ನಕ್ಷೆ ಮಾಡಿ ಕೊಟ್ಟವು. ಸೆಪ್ಟೆಂಬರ್ 23ಕ್ಕೆ ಗಾಡಿ ಮೇರಿಲ್ಯಾಂಡಿನ ಹೋಲಬರ್ಡ್ ಸೈನ್ಯದ ಶಿಬಿರಕ್ಕೆ ಎತ್ತಿತ್ತು.

ಆದರೆ ಸೈನ್ಯಕ್ಕೆ ಬೇಕಾದಷ್ಟು ಗಾಡಿ ಮಾಡುವ ತ್ರಾಣ ಆ ಕಂಪೆನಿಗೆ ಇತ್ತಿಲ್ಲೆ. ಹಾಂಗೆ ಅದೇ ನಕ್ಷೆಯ ವಿಲ್ಲೀಸ್‌ಗೂ ಫೋರ್ಡ್‌ಗೂ ತೋರುಸಿದವು. ವಿಲ್ಲೀಸ್‌ನ ಗಾಡಿಗೆ 60 ಕುದುರೆ ಶಕ್ತಿಯ ಗಟ್ಟಿ ಇಂಜಿನ್. ಅದೇ ಒಪ್ಪಿಗೆ ಆತು. ಎದುರಾಣ ಕಬ್ಬಿಣದ ಜಾಳಿಗೆ ಇದ್ದನ್ನೆ, ಅದರ ಒಂದೇ ತಗಡಿಲಿ ಒತ್ತಿ ಮಾಡುವ ಉಪಾಯ ಫೋರ್ಡಿನದ್ದು. ಮತ್ತೆ ವಿಲ್ಲೀಸ್‌ದೆ ಅದನ್ನೇ ಹಾಕಿತ್ತು. ಅಂಬಗ ನೋಡಿ, ಮೈ ಒಬ್ಬನದ್ದು, ಇಂಜಿನ್ ಒಬ್ಬನದ್ದು, ಮೋರೆ ಇನ್ನೊಬ್ಬನದ್ದು. ಯುದ್ಧ ಮುಗಿವಗ ಅಂತಾ 6 ಲಕ್ಷಕ್ಕೂ ಹೆಚ್ಚು ಗಾಡಿ ತಯಾರಾಗಿತ್ತು. ಜೀಪು ಹೇಳುವ ಹೆಸರು ಎಲ್ಲಿಂದ ಬಂತು ಹೇಳಿ ತಿಳುದವು ಇಂದಿಂಗೂ ಚರ್ಚೆ ಮಾಡ್ತವು.

1945ರಲ್ಲಿ ಯುದ್ಧ ಮುಗುದಪ್ಪಗ ವಿಲ್ಲೀಸಿನವು ಅದನ್ನೇ ರಜ ಬದಲುಸಿ ರೈತಂಗೊಕ್ಕೆ ಮಾರ್ಲೆ ಹೆರಟವು. ಜಾಳಿಗೆಲಿ ಒಂಬತ್ತು ಗೀರು ಇದ್ದದು ಏಳಾತು, ದೀಪ ದೊಡ್ಡ ಆತು, ಹಿಂದೆ ತೆಗದು ಹಾಕುಲೆ ಎಡಿವ ಬಾಗಿಲು ಬಂತು. 1953ರಲ್ಲಿ 'ಸಿಜೆ 3ಬಿ' ಹೇಳುವ ಮಾದರಿ ಬಂತು. ಅದರ ಹೊಸ ಇಂಜಿನ್ನಿಂಗೆ ಹರಿಕೇನ್ ಹೇಳಿ ಹೆಸರು. ಒಂದು ಜಾತಿ ವಾಲ್ವುಗೊ ಮೇಲೆ ಬಂದ ಕಾರಣ ಇಂಜಿನ್ ಎತ್ತರ ಆತು, ಹಳೆ ಬೋನೆಟ್ಟು ಮುಚ್ಚುಲೆ ಎಡಿಯದ್ದೆ ಆತು. ಹಾಂಗೆ ಬೋನೆಟ್ಟಿನನ್ನೇ ಎತ್ತರ ಮಾಡಿದವು. ಅಪ್ಪನ ಮನೆಯ ಜೀಪಿಂಗೆ ಹಣೆ ಎತ್ತರ ಇಪ್ಪದು ಇದೇ ಕಾರಣಕ್ಕೆ.

ನಮ್ಮ ದೇಶಕ್ಕೆ ಬಂದ ಕತೆಯೂ ಲಾಯ್ಕಿದ್ದು. 1945ರಲ್ಲಿ ಲೂಧಿಯಾನಲ್ಲಿ ಉಕ್ಕಿನ ವ್ಯಾಪಾರಕ್ಕೆ ಹೇಳಿ ಮಹೀಂದ್ರಾ ಅಣ್ಣತಮ್ಮಂದ್ರು, ಮಲಿಕ್ ಗುಲಾಂ ಮೊಹಮ್ಮದ್ ಹೇಳುವವರೊಟ್ಟಿಂಗೆ ಸೇರಿ ಒಂದು ಕಂಪೆನಿ ಸುರು ಮಾಡಿದವು. ಅದರ ಹೆಸರು ಅಂಬಗ ಮಹೀಂದ್ರಾ ಎಂಡ್ ಮೊಹಮ್ಮದ್. ದೇಶ ತುಂಡಾತು. ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಯಾಣ ಸುರುವಾಣ ಹಣಕಾಸು ಮಂತ್ರಿ ಆದವು. ಇಲ್ಲಿ 1948ರಲ್ಲಿ ಕಂಪೆನಿಯ ಹೆಸರು ಮಹೀಂದ್ರಾ ಎಂಡ್ ಮಹೀಂದ್ರಾ ಆತು. ಅದೇ ಕಂಪೆನಿ ಅಮೇರಿಕಂದ ಜೀಪಿನ ಬಿಡಿಭಾಗ ತರುಸಿ ಬೊಂಬಾಯಿಲಿ ಜೋಡುಸುಲೆ ಸುರು ಮಾಡಿತ್ತು. ಮತ್ತೆ ಒಂದೊಂದೇ ಭಾಗವ ಇಲ್ಲಿಯೇ ಮಾಡ್ಲೆ ಕಲ್ತವು. ಆ ಎತ್ತರ ಹಣೆಯ 3ಬಿ ಜೀಪಿನ ಅಮೇರಿಕಲ್ಲಿ 1968ರಲ್ಲಿ ನಿಲ್ಸಿದವು, ನಮ್ಮಲ್ಲಿ ಮತ್ತೆಯೂ ಮಾಡಿಗೊಂಡಿತ್ತಿದ್ದವು.

ಅಪ್ಪನ ಮನೆ ಜೀಪುದೆ 1968ರ ಮೋಡೆಲು. ಆನು ಹುಟ್ಟಿದ್ದೂ ಅದೇ ವರ್ಷ. "ನಿನಗೂ ಜೀಪಿಂಗೂ ಒಂದೇ ಪ್ರಾಯ" ಹೇಳಿ ಅಜ್ಜಿ ನೆಗೆ ಮಾಡುಗು. ಅಪ್ಪ ಅದರ 1975ರಲ್ಲಿ ಸಕಲೇಶಪುರ ಹೊಡೆಯ ಒಂದು ಕಾಪಿ ತೋಟದವರಿಂದ ತೆಕ್ಕೊಂಡದು. 1973ರಲ್ಲಿ ಮಂಗಳೂರಿಲಿ ಕ್ಯಾಂಪ್ಕೊ ಸುರುವಾಗಿತ್ತು, ಅಡಕ್ಕೆ ಬೆಳೆಗಾರಂಗೊಕ್ಕೆ ರಜ ಧೈರ್ಯ ಬಂದಿತ್ತು. ಅಂಬಗ ನಮ್ಮ ಮನೆಂದ ಡಾಮರು ಮಾರ್ಗಕ್ಕೆ ಆರು ಕಿಲೋಮೀಟರು ಮಣ್ಣಿನ ದಾರಿ. ನೆಡುಕೆ ಎರಡು ತೋಡು, ಒಂದು ಹೊಳೆ. ಸಂಕ ಇಲ್ಲೆ.

ಆ ಜೀಪು ಹೊರದ್ದದು ಎಂತ ಇದ್ದು! ಅಡಕ್ಕೆ ಗೋಣಿ, ಗೊಬ್ಬರ, ದಿಬ್ಬಣ, ಹಸೆ ಹಿಡುದ ಅಜ್ಜಂದ್ರು, ಆಟ ನೋಡ್ಲೆ ಹೋಪ ಮಕ್ಕೊ. ಒಂದರಿ ಎಣುಸಿಯಪ್ಪಗ ಅದರಲ್ಲಿ 17 ಜನ ಇತ್ತಿದ್ದೆಯೊ.

ಮಾಣಿ ಹೇಳುವ ಕಸ್ಟಮ್ ಕೆಲಸಂಗೊ ಸುರುವಾದ್ದು ಆ ಕಾಲಲ್ಲಿಯೇ. ಸುರುವಾಣ ಕೆಲಸ ಹಿಂದಾಣ ಮೆಟ್ಲು. ಸೀರೆ ಸುತ್ತಿಗೊಂಡು ಅಷ್ಟು ಎತ್ತರಕ್ಕೆ ಕಾಲು ನೆಗ್ಗುಲೆ ಎಡಿಯದ್ದೆ ಅಬ್ಬೆ ಒಂದರಿ ಜಾರಿ ಬಿದ್ದತ್ತು. "ಇನ್ನು ಮೆಟ್ಲು ಆಗದ್ದೆ ಆನು ಹತ್ತೆ" ಹೇಳಿತ್ತು. ಅಪ್ಪ ಪುತ್ತೂರಿಲಿ ವೆಲ್ಡಿಂಗ್ ಮಾಡುಸಿ ಒಂದು ಕಬ್ಬಿಣದ ಮೆಟ್ಲು ಹಾಕುಸಿದವು. ಎರಡ್ನೇದು, ಹಿಡಿವಲೆ ಹೇಳಿ ಒಂದು ಅಡ್ಡ ಸರಳು. ಅದು ಅಜ್ಜಿಗೆ. ಮೂರನೇದು, ಹಿಂದಾಣ ಬೆಂಚಿನ ಒಂದು ಮೊಳ ಉದ್ದ ಮಾಡಿದ್ದು. ಒಬ್ಬ ರೋಗಿಯ ಮನುಗುಸಿ ಕೊಂಡೋಪಲೆ ಆಯೆಕ್ಕು ಹೇಳಿ. ನಾಲ್ಕನೇದು, ಬದಿಗೆ ಟರ್ಪಾಲಿನ ಪರದೆ. ಮಳೆಗಾಲಲ್ಲಿ ಶಾಲೆಗೆ ಹೋಪಗ ಎಂಗಳ ಪುಸ್ತಕ ಚೆಂಡಿ ಅಪ್ಪಲಾಗನ್ನೆ. ಪ್ರತಿಯೊಂದಕ್ಕೂ ಒಂದು ಕಾರಣ, ಹೆಚ್ಚಿನದ್ದಕ್ಕೂ ಒಂದು ಹೆಮ್ಮಕ್ಕೊ ಕಾರಣ.

ಐದನೇದು ಇಂಜಿನ್.

1984ರ ಜುಲಾಯಿ ತಿಂಗಳು. ಆನು ಸುರುವಾಣ ಪಿಯುಸಿಗೆ ಸೇರಿ ಒಂದು ತಿಂಗಳು ಆಗಿತ್ತಷ್ಟೆ. ಅತ್ತಿಗೆ ಎಂಟು ತಿಂಗಳ ಬಸರಿ. ಅದರ ಅಪ್ಪನ ಮನೆಗೆ ಕಳುಸುಲೆ ದಿನ ನೋಡಿ ಆಗಿತ್ತು. ಒಂದು ಇರುಳು ಹನ್ನೊಂದು ಗಂಟೆಗೆ ಬೇನೆ ಸುರುವಾತು. ಹೆರ ಧೋ ಹೇಳಿ ಮಳೆ. ಅಪ್ಪ ಜೀಪು ಹೆರಡುಸಿದವು. ಅಣ್ಣ ಎದುರು ಕೂದ. ಹಿಂದಾಣ ಉದ್ದ ಬೆಂಚಿಲಿ ಅತ್ತಿಗೆಯ ಮನುಗುಸಿ, ಅದರ ತಲೆಯ ಅಬ್ಬೆ ಮೊಟ್ಟೆಲಿ ಮಡಿಕ್ಕೊಂಡತ್ತು. ಆನು ಟಾರ್ಚು ಹಿಡ್ಕೊಂಡು ಕೆಳ ಕೂದೆ.

ಎರಡು ತೋಡು ದಾಂಟಿತ್ತು. ಹೊಳೆಲಿ ನೀರು ಬಂಪರಿಂದ ಮೇಲೆ ಇತ್ತು. ನೆಡು ಹೊಳೆಗೆ ಎತ್ತುವಗ ಇಂಜಿನ್ ನಿಂದತ್ತು.

ತಪ್ಪು ಗಾಡಿದಲ್ಲ. ಪೆಟ್ರೋಲ್ ಇಂಜಿನ್ ಓಡುದು ಕಿಡಿಂದ. ಆ ಕಿಡಿಯ ಹಂಚುವ ಡಿಸ್ಟ್ರಿಬ್ಯೂಟರಿಂಗೆ ನೀರು ಬಿದ್ದರೆ ಏವ ಗಾಡಿಯೇ ಆದರೂ ನಿಲ್ಲುಗು. ಎದುರಾಣ ಫ್ಯಾನು ತಿರುಗುವಗ ಹೊಳೆನೀರಿನ ಎತ್ತಿ ಇಂಜಿನ್ನಿನ ಮೇಲೆ ಚೆಲ್ಲುತ್ತು. ಹಾಂಗಾಗಿ ನೀರಿಂಗೆ ಇಳಿವ ಮದಲು ಫ್ಯಾನ್ ಬೆಲ್ಟು ಬಿಚ್ಚೆಕ್ಕು. ಅಪ್ಪ ಪ್ರತಿ ಮಳೆಗಾಲವೂ ಬಿಚ್ಚಿಯೇ ಹೊಳೆ ದಾಂಟುಸುಗು. ಆ ಇರುಳಿನ ಅಂಬೆರ್ಪಿಲಿ ಮರದು ಹೋತು.

ಅಪ್ಪನೂ ಅಣ್ಣನೂ ಸೊಂಟದ ವರೆಗಾಣ ನೀರಿಂಗೆ ಇಳುದು ಬೋನೆಟ್ಟು ತೆಗದವು. ಆನು ಟಾರ್ಚು ಹಿಡುದೆ. ಅಬ್ಬೆ ಅದರ ಸೀರೆಯ ಒಣಗಿದ ಸೆರಗಿನ ಹರುದು ಕೊಟ್ಟತ್ತು, ಅಪ್ಪ ಅದರಲ್ಲಿ ಉದ್ದಿದವು. ಉದ್ದಿದ ಹಾಂಗೇ ಮೇಗಂದ ಮಳೆ. ಅತ್ತಿಗೆ ಬೊಬ್ಬೆ ಹಾಕಿದ್ದಿಲ್ಲೆ. "ಆತಾ, ಆತಾ" ಹೇಳಿ ಕೇಳಿಗೊಂಡಿತ್ತು, ಅಷ್ಟೆ. ಇಂಜಿನ್ ಸುರುವಪ್ಪಲೆ ಮುಕ್ಕಾಲು ಗಂಟೆ ಹೋತು.

ಆಸ್ಪತ್ರೆಗೆ ಎತ್ತಿ ಹೆರಿಗೆ ಆತು. ಮಾಣಿ. ಒಂದು ಇರುಳು ಇತ್ತಿದ್ದ. ಎಂಟೇ ತಿಂಗಳಿಂಗೆ ಹುಟ್ಟಿದ ಪುಟ್ಟು ಜೀವ. ಮುಕ್ಕಾಲು ಗಂಟೆ ಮದಲು ಎತ್ತಿದ್ದರೆ ಒಳಿತ್ತಿತ್ತಾ ಹೇಳಿ ಡಾಕ್ಟ್ರ ಹತ್ತರೆ ನಮ್ಮಲ್ಲಿ ಆರೂ ಕೇಳಿದವಿಲ್ಲೆ. ಕೇಳುಲೆ ಹೆದರಿಕೆ. ಮನಗೆ ಬಂದ ಮೇಲೆ ಅಪ್ಪ ಒಂದು ದಿನ ಇಡೀ ಆ ಫ್ಯಾನ್ ಬೆಲ್ಟಿನ ಬಿಚ್ಚಿ ಕೈಲಿ ಹಿಡ್ಕೊಂಡು ಜೆಗಿಲಿಲಿ ಕೂದಿತ್ತಿದ್ದವು. ಆರತ್ತರೂ ಮಾತಾಡಿದ್ದವಿಲ್ಲೆ. ಮತ್ತೆ ಆ ವಿಷಯ ಮನೆಲಿ ಬಂದದೇ ಇಲ್ಲೆ.

ಎರಡು ವರ್ಷದ ಅಡಕ್ಕೆ ಪೈಸೆ ಒಟ್ಟುಮಾಡಿ 1986ರಲ್ಲಿ ಅಪ್ಪ ಡೀಸೆಲ್ ಇಂಜಿನ್ ಹಾಕುಸಿದವು. ಅಂಬಗ ಸುಮಾರು ಜನ ಹಾಂಗೆ ಮಾಡಿಗೊಂಡಿತ್ತಿದ್ದವು. 1973ರ ಎಣ್ಣೆ ಬಿಕ್ಕಟ್ಟಿನ ಮತ್ತೆ ಪೆಟ್ರೋಲಿಂಗೆ ಕ್ರಯ ಏರಿತ್ತು, ಡೀಸೆಲ್ ಕಮ್ಮಿಗೆ ಸಿಕ್ಕಿಗೊಂಡಿತ್ತು. ಊರವೆಲ್ಲ "ಭಟ್ರು ಪೈಸೆ ಒಳಿಶುಲೆ ಇಂಜಿನ್ ಬದಲುಸಿದವು" ಹೇಳಿ ಗ್ರೇಶಿದವು. ಅಪ್ಪ ಅಪ್ಪು ಹೇಳಿದ್ದವಿಲ್ಲೆ, ಅಲ್ಲ ಹೇಳಿಯೂ ಹೇಳಿದ್ದವಿಲ್ಲೆ.

ಫ್ರಾನ್ಸಿನ ಪೆಜೊ ಕಂಪೆನಿಯ ಡೀಸೆಲ್ ಇಂಜಿನ್ನಿನ ಇಲ್ಲಿ ಜೀಪಿಂಗೆ ಹಾಕುಲೆ ಸುರುಮಾಡಿತ್ತಿದ್ದವು. ಅಂತಾ ಒಂದು ಜೀಪು ಎಲ್ಲಿಯೋ ಮಗುಚಿ ಬಿದ್ದು ಮೈ ಹಾಳಾಗಿತ್ತು, ಇಂಜಿನ್ ಸಮ ಇತ್ತು. ಅದರ ಅಪ್ಪ ತೆಕ್ಕೊಂಡವು. ಎಕ್ಸ್‌ಡಿಪಿ 4.90 ಹೇಳಿ ಅದರ ಹೆಸರು. ನಾಲ್ಕು ಸಿಲಿಂಡರು, ಒಂದೊಂದರ ಬಾಯಿ 90 ಮಿಲಿಮೀಟರು ಅಗಲ. ಹೇಳಿರೆ ನಮ್ಮ ಸಣ್ಣ ಚೆಂಬಿನ ಬಾಯಿಯಷ್ಟು. ಒಟ್ಟು 2112 ಸಿಸಿ. ಜೀಪಿನ ಎತ್ತರದ ಹಣೆಯೊಳ ಅದು ಕೂದತ್ತು, ಆದರೆ ಕೂಪ ಜಾಗೆಯ ಕಬ್ಬಿಣ ಕಡುದು ಬೇರೆ ವೆಲ್ಡಿಂಗ್ ಮಾಡೆಕ್ಕಾತು, ಹಳೆ ಗೇರ್‌ಬಾಕ್ಸಿಂಗೆ ಸೇರುಸುಲೆ ನೆಡುಕೆ ಒಂದು ಬೇರೆ ತಟ್ಟೆ ಕೊರದು ಮಾಡೆಕ್ಕಾತು. ಪುತ್ತೂರಿನ ಮೆಸ್ತ್ರಿ ಹನ್ನೆರಡು ದಿನ ಕೆಲಸ ಮಾಡಿದವು.

ಡೀಸೆಲಿಂಗೆ ಕಿಡಿ ಬೇಡ. ಗಾಳಿಯ ಗಟ್ಟಿಯಾಗಿ ಒತ್ತುವಗ ಅದು ಬೆಶಿ ಆವುತ್ತು, ಆ ಬೆಶಿಗೇ ಡೀಸೆಲ್ ಹೊತ್ತುತ್ತು. ಪಿಯುಸಿ ಪುಸ್ತಕಲ್ಲಿ ಇದರ ಓದುವಗ ಎನಗೆ ಆ ಇರುಳೇ ನೆಂಪಾಗಿಗೊಂಡಿತ್ತು. ಚಳಿಗೆ ಮಾಂತ್ರ ಚಾವಿಯ ಒಂದು ಮನೆ ತಿರುಗುಸಿ, ಒಳಾಣ ಹೀಟರು ಕಾವನ್ನಾರ ರಜ ಹೊತ್ತು ಕಾಯೆಕ್ಕು. ಗಾಳಿ ಎಳವ ಬಾಯಿಗೆ ನೀರು ಹೋಗದ್ರೆ, ಡಿಸ್ಟ್ರಿಬ್ಯೂಟರು ಚೆಂಡಿ ಅಪ್ಪ ಭಯ ಇಲ್ಲೆ. ಅದು ಇಪ್ಪದೇ ಇಲ್ಲೆನ್ನೆ.

1987ರ ಆಗಸ್ಟಿಲಿ ಅತ್ತಿಗೆಗೆ ಪುನಃ ಬೇನೆ ಸುರುವಾತು. ಅದೇ ದಾರಿ, ಅದೇ ಹೊಳೆ, ನೀರುದೆ ಅಷ್ಟೇ. ಅಪ್ಪ ಈ ಸರ್ತಿ ಇಳುದು, ಫ್ಯಾನ್ ಬೆಲ್ಟುದೆ ಬಿಚ್ಚಿ ಮಡುಗಿದವು. ಬೇಕಾಗಿತ್ತಾ ಬೇಡದಾ, ಬಿಚ್ಚಿದವು. ಜೀಪು ಗುಡುಗುಡು ಹೇಳಿ ಒಂದೇ ಸಮನೆ ಹೊಳೆ ದಾಂಟಿತ್ತು. ಉದಿಯಪ್ಪಗ ಹುಟ್ಟಿದ ಮಾಣಿಯೇ ಈಗ "ಗುಜರಿ ಇಂಜಿನ್" ಹೇಳಿದವ.

ಈಗ ಮಾಣಿಯ ಲೆಕ್ಕಾಚಾರವನ್ನೂ ಹೇಳ್ತೆ, ಅವಂದು ಬರೀ ಮರುಳಲ್ಲ. ವಾಹನವ ಮನಸ್ಸಿಂಗೆ ಬಂದ ಹಾಂಗೆ ಬದಲುಸುಲೆ ಈಗ ಕಾನೂನು ಬಿಡ್ತಿಲ್ಲೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ 2000ನೇ ಇಸವಿಲಿ ಬಿಗಿ ಮಾಡಿದವು. 2019ರ ಜನವರಿಲಿ ಕೇರಳದ ಒಂದು ಕೇಸಿಲಿ ಸುಪ್ರೀಂ ಕೋರ್ಟುದೆ, ಕಂಪೆನಿ ಕೊಟ್ಟ ಮೂಲ ವಿವರಕ್ಕೆ ತಪ್ಪುವ ಹಾಂಗೆ ಬದಲುಸುಲಾಗ ಹೇಳಿತ್ತು. ಅಪ್ಪ ಬದಲುಸಿದ್ದು ಅದರಿಂದ ಎಷ್ಟೋ ಮದಲು. ಆರ್‌ಸಿ ಪುಸ್ತಕಲ್ಲಿ ಹಳೆ ಇಂಜಿನ್ ನಂಬ್ರಕ್ಕೆ ಗೀಟು ಎಳದು, ಹೊಸ ನಂಬ್ರ, 'ಡೀಸೆಲ್' ಹೇಳಿ ಬರದು, ಠಸ್ಸೆ ಒತ್ತಿದ್ದು ಇಂದಿಂಗೂ ಇದ್ದು. ಹಳೆ ಕಾರು ಜೀಪಿನ ನೋಂದಣಿ ಪುನಃ ಮಾಡುಸುಲೆ 600 ರೂಪಾಯಿ ಇದ್ದದು 2022ರ ಏಪ್ರಿಲಿಂದ 5000 ಆತು.

ಇನ್ನೊಂದು ಹೊಡೆಲಿ, 2021ರಲ್ಲಿ ಸರಕಾರ ಹೊಸ ನಿಯಮ ಮಾಡಿತ್ತು. 50 ವರ್ಷಂದ ಹೆಚ್ಚು ಹಳೆ ವಾಹನ, ಮೂಲ ರೂಪಲ್ಲೇ ಒಳುದ್ದರೆ, ವಿಂಟೇಜ್ ಹೇಳಿ ಬೇರೆಯೇ ನಂಬ್ರ ಕೊಡ್ತವು. ಮಾಣಿಗೆ ಅದು ಬೇಕು. ಅದಕ್ಕೇ ಪೆಟ್ರೋಲ್ ಇಂಜಿನ್ ಹುಡ್ಕುದು. ಆದರೆ ಆ ನಂಬ್ರ ಸಿಕ್ಕಿದ ಗಾಡಿಯ ದಿನನಿತ್ಯದ ಕೆಲಸಕ್ಕೆ ಮಾರ್ಗಲ್ಲಿ ಓಡುಸುಲಾಗ. ಪ್ರದರ್ಶನ, ರ್‍ಯಾಲಿ, ರಿಪೇರಿ, ಎಣ್ಣೆ ಹಾಕುಸುದು, ಅಷ್ಟಕ್ಕೆ ಮಾಂತ್ರ. ಅಣ್ಣ ಈಗಳೂ ಅದರಲ್ಲಿ ಗೊಬ್ಬರ ತತ್ತ. ಮೂಲ ರೂಪ ಆಯೆಕ್ಕಾದರೆ ಮೆಟ್ಲೂ ಕಡಿಯೆಕ್ಕು, ಸರಳೂ ಕಡಿಯೆಕ್ಕು, ಬೆಂಚೂ ಕಮ್ಮಿ ಮಾಡೆಕ್ಕು.

ಚೆಂಙಾಯಿಗೊ ಎಲ್ಲ ಹೋದ ಮೇಲೆ, ಹೊತ್ತೋಪಗ ಮಾಣಿಯ ಜೀಪಿನ ಹತ್ತರೆಯೇ ಕೂರುಸಿ ಆನು ಇಷ್ಟನ್ನೂ ಹೇಳಿದೆ. ಮೆಟ್ಲಿಂದ ಸುರು ಮಾಡಿ ಹೊಳೆಯ ವರೆಗೆ. ಅವ ಮದಾಲು ಎಡೆಡೆಲಿ ಪ್ರಶ್ನೆ ಕೇಳಿಗೊಂಡಿತ್ತಿದ್ದ, ಮತ್ತೆ ಕೇಳಿದ್ದಾಯಿಲ್ಲೆ. ಹೇಳಿ ಆದ ಮೇಲೆ ಎದ್ದು ಬೋನೆಟ್ಟು ಮುಚ್ಚಿದ. ಇರುಳು ಉಂಬಲೆ ಕೂದಪ್ಪಗ ಬಟ್ಳು ನೋಡಿಗೊಂಡೇ ಕೇಳಿದ.

"ಅಬ್ಬೆ, ಎನಗೆ ಒಬ್ಬ ಅಣ್ಣ ಇತ್ತಿದ್ದನಾ?"

"ಇತ್ತಿದ್ದ" ಹೇಳಿತ್ತು ಅತ್ತಿಗೆ. ಅವಂಗೆ ಸಾರು ಬಳುಸಿತ್ತು. ರಜ ಕಳುದು, "ಇಂಜಿನ್ ನಿನಗೆ ಬೇಕಾದ ಹಾಂಗೆ ಮಾಡು ಮಗ. ಎನಗೆ ಬೇಕಾಗಿ ಮಡಿಕ್ಕೊಳ್ಳೆಡ. ಗುಜರಿ ಹೇಳೆಡ, ಅಷ್ಟೆ" ಹೇಳಿತ್ತು. ಅಣ್ಣ ಉಂಡೋಂಡಿದ್ದವ ಎದ್ದು ಹೆರ ಹೋದ.

ಮರದಿನ ಉದಿಯಪ್ಪಗ ಆನು ಹೆರಡುವಗ ಮಾಣಿ ಒಂದು ನೋಟು ಪುಸ್ತಕ ಹಿಡ್ಕೊಂಡು ಬಂದ. "ಮೆಟ್ಲು ಹಾಕುಸಿದ್ದು ಏವ ವರ್ಷ ಅತ್ತೆ? ಸರಳು? ಬೆಂಚು?" ಎನಗೆ ನೆಂಪಿದ್ದದರ ಹೇಳಿದೆ, ಒಳುದ್ದರ ಅಣ್ಣನ ಹತ್ತರೆ ಕೇಳುಲೆ ಹೇಳಿದೆ. ಕೊಯಮುತ್ತೂರಿಂಗೆ ಫೋನು ಮಾಡಿ ಇಂಜಿನ್ ಸದ್ಯಕ್ಕೆ ಬೇಡ ಹೇಳಿದ್ದನಡ. ಮುಂದೆ ಎಂತ ಮಾಡ್ತ, ಅದು ಅವಂಗೆ ಬಿಟ್ಟದು. ಜೀಪು ಅವಂದು.

ಅಕ್ಕಂದ್ರೇ, ತಂಗೆಕ್ಕಳೇ, ನಿಂಗಳ ಮನೆಗಳಲ್ಲಿಯೂ ಹಳೆ ಜೀಪೋ ಕಾರೋ ಬೈಕೋ ಕೊಟ್ಟಗೆಲಿ ಇಕ್ಕು. ಅದರಲ್ಲಿ ಎಲ್ಲಿಯಾರು ಒಂದು ವೆಲ್ಡಿಂಗ್ ಗುರ್ತ, ಒಂದು ಬೇರೆ ಬಣ್ಣದ ತುಂಡು ಕಂಡರೆ, ಅದರ ಆರು ಮಾಡುಸಿದವು, ಎಂತಕೆ ಮಾಡುಸಿದವು ಹೇಳಿ ಹೆರಿಯವು ಇಪ್ಪಗಳೇ ಕೇಳಿ, ಆರ್‌ಸಿ ಪುಸ್ತಕದ ಒಟ್ಟಿಂಗೆ ಒಂದು ಚೀಟಿಲಿ ಬರದು ಮಡುಗಿ. ಆರ್‌ಸಿಲಿ ಇಂಜಿನ್ ನಂಬ್ರ ಮಾಂತ್ರ ಇರ್ತು.